ಕೂಸಿನ ಕಲ್ಲು

ಅಳಿವೆಬೆಟ್ಟು, ಕುಂದಾಪುರ ತಾಲೂಕು
೧೨ ಅಕ್ಟೋಬರ್ ೨೦೨೪

ತಮ್ಮ ಸಂಕಪ್ಪನಿಗೆ,

ನಿನ್ನ ಅಕ್ಕ ಉಮಾವತಿ ಇನ್ನೂ ಗಟ್ಟಿಯಾಗಿಯೇ ಇದ್ದಾಳೆ. ಕೆಟ್ಟದ್ದು ಕಿವಿ ಮಾತ್ರ. ಹೋದ ಭಾನುವಾರ ನೀನು ಫೋನಿನಲ್ಲಿ ಅಷ್ಟು ಹೊತ್ತು ಕೂಗಿದೆಯಲ್ಲ, ನಾನು ಹೂಂ ಹೂಂ ಎಂದದ್ದೆಲ್ಲ ಅಂದಾಜಿನ ಮೇಲೆ. ಏನು ಹೇಳಿದೆ ಎಂದು ಈಗಲೂ ತಿಳಿಯದು. ಇನ್ನು ಮೇಲೆ ಕಾಗದವನ್ನೇ ಬರೆ. ಕಾಗದವಾದರೆ ನನಗೆ ಚೆನ್ನಾಗಿ ಕೇಳುತ್ತದೆ.

ಹೊಳೆಯ ನಡುವಿನ ನಮ್ಮ ಸುರಗಿಕುದ್ರುವನ್ನು ಪ್ರವಾಸಿಗರಿಗೆ ತೆರೆಯುತ್ತಿದ್ದಾರೆ. ನಾವು ತೆಂಗಿನಕಾಯಿ ಹೊತ್ತು ಸೊಂಟಮಟ್ಟ ನೀರಿಗೆ ಇಳಿಯುತ್ತಿದ್ದ ಕಡೆ ಈಗ ಕಬ್ಬಿಣದ ಮೆಟ್ಟಿಲು ಬಂದಿದೆ. ಏಳು ಮನೆಯವರೂ ಬಿಟ್ಟು ದಡಕ್ಕೆ ಬಂದ ಮೇಲೆ ಕೊಕ್ಕರೆಗಳಿಗೆ ಉಳಿದಿದ್ದ ನೆಲ. ಅದಕ್ಕೆ ಈಗ ಚರಿತ್ರೆ ಬೇಕಂತೆ! ಚರಿತ್ರೆ ಬರೆದು ಬೋರ್ಡು ಹಾಕುವ ಕೆಲಸ ನಿಮ್ಮ ಕಡೆಯ, ನೋಯ್ಡಾದ ಒಂದು ಕಂಪನಿಗೆ ಸಿಕ್ಕಿದೆ. ಅಲ್ಲಿಂದ ವಿಕ್ರಮ್ ಎಂಬ ಹುಡುಗ, ಸಿಂಧೂರ ಎಂಬ ಹುಡುಗಿ ಬಂದಿದ್ದರು. ಹುಡುಗಿಯ ಅಪ್ಪ ಅಮ್ಮ ಕನ್ನಡದವರೇ, ದ್ವಾರಕಾದಲ್ಲಿದ್ದಾರೆ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಆಡುವಾಗ ಮಾತ್ರ ಅರ್ಧದಲ್ಲಿ ಹಿಂದಿಗೆ ಜಾರುತ್ತಾಳೆ. ನನ್ನ ಕಿವಿಗೆ ಬಾಯಿಟ್ಟು, "ಅಜ್ಜಿ, ಕುದ್ರುನಲ್ಲಿ ಹುಟ್ಟಿ ಕುದ್ರುನಲ್ಲೇ ಮದುವೆಯಾದವರು ಸಿರ್ಫ್ ನೀವೇನಾ?" ಎಂದು ಕೇಳಿದಳು. ಹೌದು ಮಗಾ, ಈ ಅಂಗಳದಿಂದ ಆ ಅಂಗಳಕ್ಕೆ ದಿಬ್ಬಣ ಹೋಗಿತ್ತು ಎಂದೆ. ಬಿದ್ದು ಬಿದ್ದು ನಕ್ಕಳು.

ಅವರನ್ನು ದೋಣಿಯಲ್ಲಿ ಕರೆದುಕೊಂಡು ಹೋಗಿ ಎಲ್ಲ ತೋರಿಸಿದೆ. ಸುತ್ತ ಉಪ್ಪು ನೀರಿದ್ದರೂ ಸಿಹಿಯಾಗಿಯೇ ಉಳಿದ ಬಾವಿ, ಆ ನೀರು ತುಂಬಿಕೊಳ್ಳಲು ಹಾಯಿ ಕಟ್ಟಿದ ಮಂಜಿಗಳು ಬಂದು ನಿಲ್ಲುತ್ತಿದ್ದ ಕಡೆ, ಅಪ್ಪ ಹಗ್ಗ ಹೊಸೆಯುತ್ತಿದ್ದ ಮರ, ಮಳೆಗಾಲದಲ್ಲಿ ಮೇಷ್ಟ್ರೇ ಬಾರದ ಶಾಲೆ. ಒಂದೊಂದು ಬಂಡೆಯ ಹೆಸರೂ ಹೇಳಿದೆ. ಸುರಗಿ ಮರದ ಬುಡಕ್ಕೆ ಬಂದಾಗ "ಇದು ಕೂಸಿನ ಕಲ್ಲು" ಎಂದೆ. ಯಾಕೆ ಆ ಹೆಸರು ಎಂದಳು. "ಬೇಡಿ ಬೇಡಿ ಪಡೆದ ಕೂಸು" ಎಂದೆ. ಅಷ್ಟಕ್ಕೇ ನಿಲ್ಲಿಸಿ ಬಾವಿಯ ಕಡೆ ನಡೆದುಬಿಟ್ಟೆ. ನನ್ನ ಹಂಸಾಳನ್ನು ಮಣ್ಣು ಮಾಡಿದ ಜಾಗ ಇದು ಎಂದು ಪರವೂರಿನ ಮಕ್ಕಳ ಮುಂದೆ ಹೇಗೆ ಹೇಳಲಿ? ಹೆಸರು ಬರೆದುಕೊಂಡರು, ಅಷ್ಟು ಸಾಕು.

ರತ್ನಮ್ಮನ ಮಂಡಿ ಹೇಗಿದೆ? ಮಗ ಲತೇಶ, ಸೊಸೆ ಮಯೂರಿ ಹೇಗಿದ್ದಾರೆ? ಆ ಹುಡುಗಿಯನ್ನು ಮದುವೆಯಲ್ಲಿ ಕಂಡದ್ದೇ ಸೈ. ಎಲ್ಲ ಬರೆ.

ನಿನ್ನ ಅಕ್ಕ

*

ಲಕ್ಷ್ಮೀ ನಗರ, ದೆಹಲಿ
೩ ನವೆಂಬರ್ ೨೦೨೪

ಅಕ್ಕಾ,

ಉಭಯ ಕುಶಲೋಪರಿ ಎಂದು ಬರೆಯಲು ಹೊರಟವನು ಕಿಟಕಿಯಿಂದ ಹೊರಗೆ ನೋಡಿ ಬಿಟ್ಟುಬಿಟ್ಟೆ. ದೀಪಾವಳಿ ಮುಗಿದು ಎದುರಿನ ಕೋಚಿಂಗ್ ಸೆಂಟರೇ ಹೊಗೆಯಲ್ಲಿ ಕಾಣುತ್ತಿಲ್ಲ. ಹುಡುಗರು ಕೆಮ್ಮುತ್ತಲೇ ನಮ್ಮ ಹೋಟೆಲಿಗೆ ಬಂದು, ಕೆಮ್ಮುತ್ತಲೇ ದೋಸೆ ತಿಂದು ಹೋಗುತ್ತಾರೆ. ಒಬ್ಬ ಹೇಳಿದ, "ಭಯ್ಯಾ, ಸಾಂಬಾರ್ ಮಸ್ತ್ ಹೈ, ಸ್ಮೋಕೀ ಫ್ಲೇವರ್!" ನಾನು ಏನೂ ಹಾಕಿಲ್ಲಪ್ಪಾ, ಸರ್ಕಾರದ ಹೊಗೆ ಎಂದೆ.

ನಿನ್ನ ಕಾಗದವನ್ನು ರತ್ನಮ್ಮನಿಗೆ ಗಟ್ಟಿಯಾಗಿ ಓದಿದೆ, ಕೂಸಿನ ಕಲ್ಲಿನ ಮಾತನ್ನು ಮಾತ್ರ ಮನಸ್ಸಿನಲ್ಲೇ ಓದಿಕೊಂಡೆ. ನಾನು ಹದಿನೈದಕ್ಕೆ ತಟ್ಟೆ ತೊಳೆಯಲು ದೆಹಲಿ ರೈಲು ಹತ್ತಿದವನು. ಕುದ್ರುವಿನ ಚರಿತ್ರೆ ಹೇಳು ಎಂದರೆ ಮಾವಿನಕಾಯಿ ಕದ್ದದ್ದು ಬಿಟ್ಟು ಬೇರೇನೂ ಗೊತ್ತಿಲ್ಲ. ನೀನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ಈಗ ಚರಿತ್ರೆ ಹೇಳುವವಳಾದೆ! ಗಲ್ಲೆಯಲ್ಲಿ ಕೂತು ಎಲ್ಲ ಗಿರಾಕಿಗಳಿಗೂ ಹೇಳುತ್ತಿದ್ದೇನೆ, ನನ್ನ ಅಕ್ಕನ ಮಾತು ಬೋರ್ಡಿನ ಮೇಲೆ ಬರುತ್ತದೆ ಎಂದು.

ಲತೇಶ, ಮಯೂರಿ ಚೆನ್ನಾಗಿದ್ದಾರೆ. ಮಯೂರಿಗೆ ಸ್ವಲ್ಪ ಹೊಟ್ಟೆನೋವೆಂದು ಆಸ್ಪತ್ರೆಗೆ ಸೇರಿಸಿದ್ದೆವು. ಈಗ ಆಫೀಸಿಗೆ ರಜೆ ಹಾಕಿ ಮನೆಯಲ್ಲೇ ಇದ್ದಾಳೆ. ಚಿಂತೆ ಮಾಡುವಂಥದ್ದೇನಿಲ್ಲ.

ನಿನ್ನ ಸಂಕಪ್ಪ

*

ಅಳಿವೆಬೆಟ್ಟು
೨೦ ನವೆಂಬರ್ ೨೦೨೪

ತಮ್ಮಾ,

ಮುಚ್ಚಿಟ್ಟರೆ ನನಗೆ ತಿಳಿಯುವುದಿಲ್ಲವೇ? ಮದುವೆಯಾಗಿ ಎಂಟು ವರ್ಷದ ಮೇಲೆ ಹೊಟ್ಟೆನೋವು, ಆಸ್ಪತ್ರೆ, ಮನೆಯಲ್ಲೇ ರಜೆ. ಮೂರು ತಿಂಗಳು ತುಂಬುವ ತನಕ ಬಾಯಿ ಬಿಡಬಾರದೆಂದು ರತ್ನಮ್ಮ ಕಟ್ಟು ಮಾಡಿರಬೇಕು. ಸರಿ, ಹೇಳಬೇಡ. ನಾನೂ ಕೇಳುವುದಿಲ್ಲ.

ಆದರೆ ಕೈ ಸುಮ್ಮನಿರಬೇಕಲ್ಲ. ನನ್ನ ಹಳೇ ನೂಲಿನ ಸೀರೆಗಳನ್ನು ಒಗೆದು, ಮೂರು ಪದರ ಇಟ್ಟು, ಮಗುವಿಗೊಂದು ಹೊದಿಕೆ ಹೊಲಿದಿದ್ದೇನೆ. ದೆಹಲಿಯ ಚಳಿಗೆ ಅಂಗಡಿಯ ನುಣುಪು ಬಟ್ಟೆ ಪ್ರಯೋಜನವಿಲ್ಲ. ಪಾರ್ಸೆಲ್ ಮಾಡಿದ್ದೇನೆ. ಹೊಲಿಗೆ ಅಂಕುಡೊಂಕಾಗಿದ್ದರೆ ನನ್ನ ಕಣ್ಣನ್ನು ಬೈಯಲಿ, ಕೈಯನ್ನಲ್ಲ.

ನನಗೆ ಎಷ್ಟು ಸಂತೋಷವಾಗಿದೆ ಎಂದು ಬರೆಯಲು ಬರುವುದಿಲ್ಲ, ಸಂಕಪ್ಪ.

ಅಕ್ಕ

*

ಅಳಿವೆಬೆಟ್ಟು
೧೮ ಜನವರಿ ೨೦೨೫

ಸಂಕಪ್ಪನಿಗೆ,

ಎರಡು ತಿಂಗಳಾಯಿತು, ನಿನ್ನಿಂದ ಒಂದು ಗೆರೆಯಿಲ್ಲ. ಪಾರ್ಸೆಲ್ ಸಿಕ್ಕಿತೋ ಇಲ್ಲವೋ ಅದೂ ತಿಳಿಯದು. ಮೊಮ್ಮಗು ಬರುವ ಗಡಿಬಿಡಿಯಲ್ಲಿ ಅಕ್ಕ ಮರೆತುಹೋದಳೆಂದು ಸಮಾಧಾನ ಮಾಡಿಕೊಂಡಿದ್ದೇನೆ. ಆದರೆ ಈ ಕಾಗದಕ್ಕೆ ನೀನು ಕೂಡಲೇ ಉತ್ತರ ಬರೆಯಬೇಕು.

ಕುದ್ರುವಿನಲ್ಲಿ ಬೋರ್ಡುಗಳು ನಿಂತಿವೆ. ಮೊನ್ನೆ ಬೋಟಿನ ಸಂದೀಪ ನನ್ನನ್ನು ಕರೆದುಕೊಂಡು ಹೋದ. ಬಾವಿಯ ಬೋರ್ಡು ಸರಿಯಾಗಿದೆ. ಸುರಗಿ ಮರದ ಹತ್ತಿರ ಹೋದೆ. ಮರದ ತುಂಬ ಮರದ ಪುಟ್ಟ ತೊಟ್ಟಿಲುಗಳು, ಬಣ್ಣದ ದಾರಗಳು. ನನಗೆ ಅರ್ಥವಾಗಲಿಲ್ಲ. ಬೋರ್ಡು ಓದಿದೆ. "ಸಂತಾನ ಶಿಲೆ. ಇಲ್ಲಿ ಬೇಡಿಕೊಂಡವರಿಗೆ ಮಕ್ಕಳಾಗುತ್ತವೆ ಎಂಬುದು ದ್ವೀಪವಾಸಿಗಳ ಶತಮಾನಗಳ ನಂಬಿಕೆ" ಎಂದು ಬರೆದಿದೆ.

ಸಂಕಪ್ಪ, ಅದು ನನ್ನ ಮಗಳ ಗೋರಿ. ನೀನು ಅವಳನ್ನು ನೋಡಿಲ್ಲ. ನೀನು ದೆಹಲಿಯಲ್ಲಿದ್ದೆ. ಆಷಾಢದ ನೆರೆಯಲ್ಲಿ ಅವಳಿಗೆ ಜ್ವರ ಏರಿತು. ಹೊಳೆ ಅಳಿವೆಯ ತನಕ ಕೆಂಪಾಗಿ ಉಕ್ಕುತ್ತಿತ್ತು, ದೋಣಿ ಇಳಿಸಲು ಯಾರೂ ಒಪ್ಪಲಿಲ್ಲ. ದಡದಲ್ಲಿ ಡಾಕ್ಟರ ಮನೆಯ ದೀಪ ಕಾಣುತ್ತಿತ್ತು. ಅದನ್ನು ನೋಡುತ್ತಾ ನೋಡುತ್ತಾ ನನ್ನ ತೊಡೆಯ ಮೇಲೆಯೇ ಹೋದಳು. ಆ ಕಲ್ಲನ್ನು ನಿನ್ನ ಭಾವ ಹೊತ್ತು ತಂದು ಇಟ್ಟರು. ಆಮೇಲೆ ನನಗೆ ಮಕ್ಕಳಾಗಲಿಲ್ಲ.

ಈಗ ಹೆಂಗಸರು ಆ ಕಲ್ಲನ್ನು ತಬ್ಬಿಕೊಂಡು ಫೋಟೋ ತೆಗೆಸಿಕೊಳ್ಳುತ್ತಾರೆ. ಪಂಚಾಯಿತಿಯಲ್ಲಿ ಕೇಳಿದೆ, ಮೇಲಿನಿಂದ ಬಂದದ್ದು ಎಂದರು. ಮೇಲಿನವರನ್ನು ಕೇಳಿದರೆ ನೋಯ್ಡಾ ಕಂಪನಿ ಬರೆದದ್ದು ಎಂದರು. ಸಂದೀಪ ಮಾತ್ರ, "ದೊಡ್ಡಮ್ಮಾ, ಬಾವಿ ಕಾಂಬುಕೆ ಯಾರ್ ಬತ್ರ್? ಜನ ಬಪ್ಪುದೇ ಆ ಕಲ್ಲಿಗೆ" ಎಂದು ತಲೆ ತಗ್ಗಿಸಿದ.

ಮಾತು ಆಡಿದರೆ ಹೋಯಿತು ಎನ್ನುತ್ತಾರೆ. ನನ್ನದು ಆಡದೇ ಹೋಯಿತು.

ನೀನು ನೋಯ್ಡಾಕ್ಕೆ ಹೋಗು. ಅದು ನನ್ನ ಸೊಸೆಯ ಗೋರಿ, ಬೋರ್ಡು ತೆಗೆಯಿರಿ ಎಂದು ಹೇಳು. ಸೋದರಮಾವನ ಮಾತಿಗೆ ತೂಕವಿದೆ. ನನಗೆ ಬೇರೇನೂ ಬೇಡ. ಅವಳನ್ನು ಸುಮ್ಮನೆ ಮಲಗಲು ಬಿಟ್ಟರೆ ಸಾಕು.

ಅಕ್ಕ

*

ಲಕ್ಷ್ಮೀ ನಗರ
೯ ಫೆಬ್ರವರಿ ೨೦೨೫

ಅಕ್ಕಾ,

ಮೊದಲು ಪಾರ್ಸೆಲ್ ವಿಷಯ. ಸಿಕ್ಕಿತು. ಯಾರಿಗೂ ತೋರಿಸಿಲ್ಲ. ಹೋಟೆಲಿನ ಉಗ್ರಾಣದಲ್ಲಿ ಅಕ್ಕಿ ಮೂಟೆಗಳ ಹಿಂದೆ ಇಟ್ಟಿದ್ದೇನೆ. ನೀನು ಸಂತೋಷವಾಗಿದೆ ಎಂದು ಬರೆದ ಮೇಲೆ ನನಗೆ ಪೆನ್ನು ಹಿಡಿಯಲಾಗಲಿಲ್ಲ. ಮಯೂರಿಗೆ ಬಂದದ್ದು ಹೊಟ್ಟೆನೋವಲ್ಲ. ಮಗು ನಿಲ್ಲಲಿಲ್ಲ. ಇದು ಮೂರನೆಯದು, ಐದು ತಿಂಗಳಾಗಿತ್ತು. ಅಡುಗೆಮನೆಗೆ ಬರುತ್ತಾಳೆ, ಗ್ಯಾಸ್ ಹಚ್ಚುತ್ತಾಳೆ, ಯಾಕೆ ಹಚ್ಚಿದೆ ಎಂದು ಮರೆತು ನಿಲ್ಲುತ್ತಾಳೆ. ಲತೇಶ ಆಫೀಸಿನಿಂದ ಬರುವುದನ್ನೇ ತಡ ಮಾಡುತ್ತಾನೆ. ನಾನು ಎಲ್ಲರನ್ನೂ ನಗಿಸುವವನು ಎಂದು ಹೆಸರು, ಮನೆಯಲ್ಲಿ ನನ್ನ ಒಂದು ಮಾತೂ ನಡೆಯುತ್ತಿಲ್ಲ.

ಈಗ ನೋಯ್ಡಾ. ಮೆಟ್ರೋ ಹಿಡಿದು ಹೋದೆ. ಗೇಟಿನಲ್ಲಿ ಆಧಾರ್ ನೋಡಿ, ಲತೇಶನ ನಂಬರು ಬರೆಸಿಕೊಂಡು, ಕುತ್ತಿಗೆಗೆ ಒಂದು ಪಟ್ಟಿ ಹಾಕಿ ಒಳಗೆ ಬಿಟ್ಟರು. ಸಿಂಧೂರ ಕೆಲಸ ಬಿಟ್ಟು ಹೋಗಿದ್ದಾಳೆ. ವಿಕ್ರಮ್ ಇದ್ದ. ಒಳ್ಳೆಯ ಹುಡುಗ, ಎದ್ದು ನಿಂತು ಕುರ್ಚಿ ಕೊಟ್ಟ. ಕಂಪ್ಯೂಟರಿನಲ್ಲಿ ತೋರಿಸಿದ: ನೀನು ಹೇಳಿದ ಕೂಸಿನ ಕಲ್ಲನ್ನು ಸಿಂಧೂರ ಇಂಗ್ಲಿಷಿನಲ್ಲಿ ಬೇಬಿ ಸ್ಟೋನ್ ಎಂದು ಬರೆದಿದ್ದಾಳೆ, ಪಕ್ಕದಲ್ಲಿ ಬೇಡಿ ಬೇಡಿ ಮಗು ಪಡೆದರು ಎಂದು. ಅದನ್ನು ಇನ್ನೊಬ್ಬರು ಹಿಂದಿಯಲ್ಲಿ ಸಂತಾನ್ ಶಿಲಾ ಮಾಡಿದ್ದಾರೆ. ಮತ್ತೊಬ್ಬರು ಹಿಂದಿಯಿಂದ ತಿರುಗಿ ಕನ್ನಡಕ್ಕೆ ತಂದಿದ್ದಾರೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದಂತೆ. ನಡುವೆ ಶತಮಾನಗಳನ್ನು ಯಾರು ಸೇರಿಸಿದರೋ ಯಾರಿಗೂ ಗೊತ್ತಿಲ್ಲ.

ನಾನು ಹೇಳಲು ಶುರು ಮಾಡಿದೆ. ನೀನು ಬರೆದಂತೆಯೇ ಹೇಳಬೇಕೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಸೊಸೆ, ಸೊಸೆ ಎಂದುಕೊಂಡು ಹೋಗಿದ್ದೆ. ನಮ್ಮ ಭಾಷೆಯಲ್ಲಿ ಅಕ್ಕನ ಮಗಳೂ ಸೊಸೆ, ಮಗನ ಹೆಂಡತಿಯೂ ಸೊಸೆ. ಹಿಂದಿಯಲ್ಲಿ ಅಕ್ಕನ ಮಗಳು ಭಾಂಜೀ, ಮಗನ ಹೆಂಡತಿ ಬಹೂ. ಐವತ್ತು ವರ್ಷ ಹಿಂದಿ ಆಡಿದ ಬಾಯಿ ಇದು, ಅಕ್ಕಾ. ಆದರೂ ನನ್ನ ಬಾಯಿಂದ ಬಂದದ್ದು, "ಬೇಟಾ, ವೋ ಪತ್ಥರ್ ಮೇರೀ ಬಹೂ ಕಾ ಹೈ." ಅಷ್ಟು ಹೇಳಿ ಅತ್ತುಬಿಟ್ಟೆ.

ಅವನು ನನ್ನ ಕೈ ಹಿಡಿದುಕೊಂಡು, "ಅಚ್ಛಾ ಅಂಕಲ್, ಬಹೂ ಕೇ ಲಿಯೇ ಆಯೇ ಹೈ! ಚಿಂತಾ ಮತ್ ಕೀಜಿಯೇ. ಬಚ್ಚಾ ಹೋಗಾ, ಪಕ್ಕಾ ಹೋಗಾ" ಎಂದ.

ಮನೆಯ ಸೊಸೆಗೆ ಮಕ್ಕಳಾಗಲೆಂದು ಬಂದವನು ಎಂದುಕೊಂಡ. ಆಗ ನಾನು ಅಲ್ಲ ಎನ್ನಬೇಕಿತ್ತು. ಅನ್ನಲಿಲ್ಲ. ಮಗು ಆಗೇ ಆಗುತ್ತದೆ ಎಂದು ಯಾರೋ ಒಬ್ಬರು ಹೇಳಿದರಲ್ಲ, ಅದನ್ನು ಕೇಳುತ್ತಾ ಕೂತುಬಿಟ್ಟೆ. ಎದ್ದು ಬರುವಾಗ ಅವನು ಲಿಫ್ಟಿನ ತನಕ ಬಂದು ಬಿಟ್ಟ.

ಮತ್ತೆ ಹೋಗುತ್ತೇನೆ. ಈ ಸಲ ಸರಿಯಾಗಿ ಹೇಳುತ್ತೇನೆ.

ಸಂಕಪ್ಪ

*

ಅಳಿವೆಬೆಟ್ಟು
೨೨ ಫೆಬ್ರವರಿ ೨೦೨೫

ತಮ್ಮಾ,

ಆ ಹೊದಿಕೆಯನ್ನು ಮಯೂರಿಯ ಕಣ್ಣಿಗೆ ಬೀಳಿಸಬೇಡ. ಸುಟ್ಟುಬಿಡು ಎಂದು ಬರೆದೆ, ಮತ್ತೆ ಹೊಡೆದು ಹಾಕಿದೆ. ಇರಲಿ, ಅಕ್ಕಿಯ ಹಿಂದೆಯೇ ಇರಲಿ. ಎರಡು ತಿಂಗಳು ನಾನು ಇಲ್ಲಿ ಹಲ್ಲು ಕಿರಿದುಕೊಂಡು ಓಡಾಡಿದೆ, ಆ ಹುಡುಗಿ ಅಲ್ಲಿ ಹಾಗೆ ನಿಂತಿದ್ದಳು. ಹೇಳಬಾರದಿತ್ತೇ ಮಾರಾಯ?

ನೀನು ಹೇಳದಿದ್ದರೇನು, ನಾನೇ ಹೇಳುತ್ತೇನೆ ಎಂದು ಹೊರಟೆ. ದಾವಣಗೆರೆ ಕಡೆಯವಳೊಬ್ಬಳು ಬಂದಿದ್ದಳು, ಸುಶೀಲಾ ಎಂದು ಹೆಸರು, ನಲವತ್ತು ದಾಟಿದವಳು. ತೊಟ್ಟಿಲು ಕಟ್ಟಲು ಕೈ ಎತ್ತಿದಾಗ ನಾನು ಅಡ್ಡ ನಿಂತೆ. "ಇದು ದೇವರ ಕಲ್ಲಲ್ಲ ಮಗಾ, ನನ್ನ ಕೂಸಿನ ಗೋರಿ. ಜ್ವರ ಬಂದು ಸತ್ತದ್ದು" ಎಂದೆ. ಜೀವಮಾನದಲ್ಲಿ ಮೊದಲ ಸಲ ಆ ಮಾತನ್ನು ಪೂರ್ತಿ ಆಡಿದೆ.

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ದಬಕ್ಕನೆ ನನ್ನ ಕಾಲಿಗೆ ಬಿದ್ದಳು. "ಹಂಗಾರೆ ನೀವಽ ಆ ತಾಯಿ! ಕೂಸು ದೇವರಾಗೇತಿ. ಅದಕ್ಕಽ ಇಲ್ಲಿ ಸತ್ಯ ಐತಿ. ನಿಮ್ಮ ಕೈಲೇ ಕಟ್ರಿ ಅಮ್ಮಾ" ಎಂದು ತೊಟ್ಟಿಲನ್ನು ನನ್ನ ಕೈಗೇ ಇಟ್ಟಳು.

ಕಟ್ಟಿದೆ. ಇನ್ನೇನು ಮಾಡಲಿ? ಸುಳ್ಳನ್ನು ಅಳಿಸಲು ಹೋಗಿ ಅದಕ್ಕೆ ನಾನೇ ಸಾಕ್ಷಿಯಾಗಿ ಬಂದೆ.

ಮತ್ತೊಮ್ಮೆ ಹೋಗು, ಸಂಕಪ್ಪ. ಭಾಂಜೀ ಎನ್ನು. ನನ್ನಿಂದ ಆಗುತ್ತಿಲ್ಲ.

ಅಕ್ಕ

*

ಲಕ್ಷ್ಮೀ ನಗರ
೧೬ ಮಾರ್ಚ್ ೨೦೨೫

ಅಕ್ಕಾ,

ಹೋದೆ. ಭಾಂಜೀ ಎಂದೆ, ಮರ್ ಗಯೀ ಥೀ ಎಂದೆ, ಒಂದನ್ನೂ ಬಿಡದೆ ಹೇಳಿದೆ. ವಿಕ್ರಮ್‌ನ ಮುಖ ಬಿಳಿಚಿಕೊಂಡಿತು. ಆಮೇಲೆ, "ಅಂಕಲ್, ಸಾರಿ. ಪ್ರಾಜೆಕ್ಟ್ ಹ್ಯಾಂಡೋವರ್ ಹೋ ಗಯಾ. ಅಬ್ ಹಮಾರೇ ಹಾಥ್ ಮೇ ಕುಛ್ ನಹೀ ಹೈ" ಎಂದ. ಕೆಲಸ ಮುಗಿಸಿ ಒಪ್ಪಿಸಿಯಾಯಿತಂತೆ, ಇನ್ನು ಬದಲಿಸಬೇಕಾದರೆ ಅಲ್ಲಿ ಗೋರಿ ಇತ್ತೆಂಬುದಕ್ಕೆ ಸರ್ಕಾರಿ ದಾಖಲೆ ಬೇಕಂತೆ. ನೆರೆಯಲ್ಲಿ ಹೋದ ಕೂಸಿಗೆ ದಾಖಲೆ ಎಲ್ಲಿಂದ ತರಲಿ? ಅವನಲ್ಲಿ ಕೋಪ ಮಾಡಿಕೊಳ್ಳಲು ಹೋಗಿದ್ದೆ. ಪಾಪ, ಅವನೇ ನನಗೆ ನೀರು ಕೊಟ್ಟು ತಾನೂ ಕಣ್ಣೊರೆಸಿಕೊಂಡ.

ಬರೆಯಲು ಕೈ ಏಳದ ವಿಷಯ ಇನ್ನು ಮುಂದಿದೆ. ಮೊದಲ ಸಲ ಹೋಗಿದ್ದಾಗ ಬಹೂ ಎಂದೆನಲ್ಲ, ಆ ಹುಡುಗ ಸುಮ್ಮನೆ ಕೂರಲಿಲ್ಲ. ಯಾರಿಗೋ ಹೇಳಿ ಬೋಟಿಗೆ ವಿಶೇಷ ಪಾಸು ಮಾಡಿಸಿ, ಗೇಟಿನಲ್ಲಿ ಬರೆಸಿದ್ದ ಲತೇಶನ ನಂಬರಿಗೆ ಕಳಿಸಿಬಿಟ್ಟಿದ್ದ. "ಆಪ್ ಕೇ ಪಾಪಾ ಬಹೂ ಕೇ ಲಿಯೇ ಬಹುತ್ ರೋಯೇ" ಎಂದು ನಾನು ಅತ್ತದ್ದನ್ನೂ ಬರೆದಿದ್ದ. ಲತೇಶ ಅದನ್ನು ಮಯೂರಿಗೆ ತೋರಿಸಿದ. ಮಯೂರಿ ನನ್ನ ಹತ್ತಿರ ಬಂದು, "ಮಾವಾ, ನನಗೋಸ್ಕರ ನೋಯ್ಡಾ ತನಕ ಹೋಗಿದ್ರಾ? ಹೇಳಲೇ ಇಲ್ವಲ್ಲ" ಎಂದಳು. ಅಕ್ಟೋಬರಿನಿಂದ ಈಚೆಗೆ ಆ ಹುಡುಗಿ ನಕ್ಕದ್ದನ್ನು ನೋಡಿದ್ದು ಅವತ್ತೇ.

ನಾನು ಏನು ಹೇಳಲಿ? ನಿನಗಾಗಿ ಅಲ್ಲಮ್ಮಾ, ಬಾಯಿ ತಪ್ಪಿ ಬಂತು ಎನ್ನಲೇ? ಅದು ಸತ್ತ ಮಗುವಿನ ಕಲ್ಲು ಎಂದು, ಮೂರು ಕಳೆದುಕೊಂಡವಳ ಮುಂದೆ ಹೇಳಲೇ? ರತ್ನಮ್ಮ ಆಗಲೇ ಟಿಕೆಟ್ ಮಾಡಿಸಿದ್ದಾಳೆ. ನಿನ್ನ ಮಗು ಹೋದದ್ದು ಅವಳಿಗೆ ಗೊತ್ತು, ಆದರೆ ಕಲ್ಲಿನ ವಿಷಯ ಗೊತ್ತಿಲ್ಲ. ಏಪ್ರಿಲ್ ಮೊದಲ ವಾರ ಮೂವರೂ ನಿನ್ನ ಮನೆಗೇ ಬರುತ್ತಾರೆ. ನಾನು ಹೋಟೆಲಿನ ನೆಪ ಹೇಳಿ ಉಳಿದುಕೊಂಡಿದ್ದೇನೆ. ನಿನ್ನ ಮುಖ ನೋಡುವ ಧೈರ್ಯವಿಲ್ಲ.

ಹೇಳು ಎಂದೂ ಬರೆಯಲಾರೆ, ಹೇಳಬೇಡ ಎಂದೂ ಬರೆಯಲಾರೆ. ಹಂಸಾಳೂ ನನ್ನ ಸೊಸೆ, ಇವಳೂ ನನ್ನ ಸೊಸೆ. ನಿನಗೆ ತೋಚಿದ ಹಾಗೆ ಮಾಡು.

ಸಂಕಪ್ಪ

*

ಲಕ್ಷ್ಮೀ ನಗರ
೪ ಮೇ ೨೦೨೫

ಅಕ್ಕಾ,

ಅವರು ಬಂದು ತಿಂಗಳಾಗುತ್ತಾ ಬಂತು. ನಿನ್ನಿಂದ ಕಾಗದವಿಲ್ಲ. ಬೈದಾದರೂ ಬರೆ.

ರತ್ನಮ್ಮ ಮಂಡಿ ನೋವೆಂದು ದಡದಲ್ಲೇ ಕೂತಿದ್ದಳಂತೆ, ಲತೇಶ ಬಾವಿಯ ಹತ್ತಿರ ಫೋನಿನಲ್ಲಿದ್ದನಂತೆ. ಮರದ ಹತ್ತಿರ ಹೋದವರು ನೀವಿಬ್ಬರೇ. ಮಯೂರಿ ಏನೂ ಹೇಳುವುದಿಲ್ಲ. ಊಟ ಮಾಡುತ್ತಾಳೆ, ಆಫೀಸಿಗೆ ಹೋಗುತ್ತಾಳೆ. ನಿನ್ನೆ ಉಗ್ರಾಣಕ್ಕೆ ಏನೋ ತರಲು ಹೋದವಳು ಆ ಹೊದಿಕೆಯನ್ನು ಕಂಡುಬಿಟ್ಟಳು. ಅವಳು ಬಿಡಿಸಿ, ಮೂಸಿ ನೋಡಿ, "ಇದು ದೊಡ್ಡತ್ತೆ ಹೊಲಿದದ್ದು ಅಲ್ವಾ? ಅವರ ಮನೆಯ ಹೊದಿಕೆಯಲ್ಲೂ ಇದೇ ಡೊಂಕು ಹೊಲಿಗೆ" ಎಂದು ಒಳಗೆ ತೆಗೆದುಕೊಂಡು ಹೋದಳು. ಅಷ್ಟೇ.

ಅಲ್ಲಿ ಏನಾಯಿತು ಅಕ್ಕಾ? ಹೇಳಿದೆಯಾ?

ಸಂಕಪ್ಪ

*

ಅಳಿವೆಬೆಟ್ಟು
೨೫ ಮೇ ೨೦೨೫

ತಮ್ಮಾ,

ಬೈಯಲು ನೀನೇನು ಮಾಡಿದ್ದೀ? ಬರೆಯಲು ಹಲವು ಸಲ ಕೂತೆ, ಆಗಲಿಲ್ಲ. ಈಗ ಮಳೆ ಹತ್ತಿರ ಬಂತು. ನಾಳೆಯಿಂದ ಬೋಟು ಬಂದ್.

ಹೇಳಬೇಕೆಂದೇ ಹೋಗಿದ್ದೆ. ದಾರಿಯಲ್ಲಿ ಬಾಯಲ್ಲಿ ಮಾತು ಸಿದ್ಧ ಮಾಡಿಕೊಂಡಿದ್ದೆ. ಸುರಗಿ ಹೂ ಬಿಟ್ಟು ಇಡೀ ಕುದ್ರು ಘಮಘಮ ಎನ್ನುತ್ತಿತ್ತು. ಮಯೂರಿ ಉಳಿದವರ ಹಾಗೆ ಕಲ್ಲನ್ನು ತಬ್ಬಲಿಲ್ಲ, ಫೋಟೋ ತೆಗೆಯಲಿಲ್ಲ. ಚಪ್ಪಲಿ ದೂರ ಬಿಟ್ಟು ಬಂದು, ಕಲ್ಲಿನ ಮೇಲೆ ಬಿದ್ದಿದ್ದ ತರಗೆಲೆಗಳನ್ನು ಒಂದೊಂದಾಗಿ ಹೆಕ್ಕಿ ಕ್ಲೀನ್ ಮಾಡಿದಳು. ನಾನು ಹೋದಾಗಲೆಲ್ಲ ಮಾಡುವುದು ಅದನ್ನೇ. ಸಿದ್ಧ ಮಾಡಿಕೊಂಡ ಮಾತು ಅಲ್ಲಿಗೇ ಹೋಯಿತು.

ತೊಟ್ಟಿಲು ಕಟ್ಟಿ, ನನ್ನ ಕಿವಿಗೆ ಬಾಯಿಟ್ಟು ಕೇಳಿದಳು. "ದೊಡ್ಡತ್ತೆ, ನೀವೂ ಇಲ್ಲಿ ಬೇಡಿಕೊಂಡಿದ್ರಾ?"

"ಹೂಂ. ಬೇಡಿ ಬೇಡಿ ಪಡೆದೆ" ಎಂದೆ.

"ಗಂಡಾ, ಹೆಣ್ಣಾ?"

"ಹೆಣ್ಣು. ಹಂಸಾ."

ಅವಳ ಮುಖ ಅರಳಿತು, ಸಂಕಪ್ಪ. "ನನಗೆ ಯಾರೂ ಹೇಳೇ ಇಲ್ಲ! ಈಗ ಎಲ್ಲಿದ್ದಾಳೆ?" ಎಂದಳು.

"ಇಲ್ಲೇ. ಹತ್ತಿರದಲ್ಲೇ ಇದ್ದಾಳೆ" ಎಂದೆ.

ಒಂದು ಮಾತೂ ಸುಳ್ಳಲ್ಲ. ಆದರೂ ಅವತ್ತಿನಿಂದ ನನಗೆ ಅನ್ನ ರುಚಿಸುತ್ತಿಲ್ಲ. ಅವಳಿಗೆ ಮಗುವಾದರೆ ಆ ಬೋರ್ಡು ಸತ್ಯವಾಗುತ್ತದೆ. ಆಗದಿದ್ದರೆ ಆ ಕಲ್ಲನ್ನು, ಎಂದರೆ ನನ್ನ ಹಂಸಾಳನ್ನೇ ಶಪಿಸುತ್ತಾಳೆ. ಎರಡರಲ್ಲಿ ಯಾವುದಾಗಲಿ ಎಂದು ಬೇಡಿಕೊಳ್ಳಲಿ? ಮೊದಲನೆಯದನ್ನೇ ಬೇಡುತ್ತಿದ್ದೇನೆ.

ನೀನು ಇನ್ನು ನೋಯ್ಡಾಕ್ಕೆ ಹೋಗಬೇಡ. ಬೋರ್ಡು ಸುಳ್ಳೆಂದು ತೆಗೆಸಿದರೆ ಅದು ಮಯೂರಿಗೂ ತಿಳಿಯುತ್ತದೆ. ಇರಲಿ ಬಿಡು.

ಇವತ್ತು ಕೊನೆಯ ಬೋಟಿನಲ್ಲಿ ಹೋಗಿ ಬಂದೆ. ಇನ್ನು ಮಳೆ ನಿಲ್ಲುವ ತನಕ ಅಲ್ಲಿ ಹಂಸಾ ಒಬ್ಬಳೇ. ಮಯೂರಿ ಕಟ್ಟಿದ ತೊಟ್ಟಿಲು ಯಾವುದೆಂದು ಹುಡುಕಿದೆ, ಅಷ್ಟೊಂದು ತೊಟ್ಟಿಲುಗಳ ನಡುವೆ ಗುರುತು ಸಿಗಲಿಲ್ಲ. ಕೈಗೆ ಎಟುಕಿದ್ದನ್ನೆಲ್ಲ ಒಂದೊಂದು ಸಲ ತೂಗಿ ಬಂದೆ.

ಅಕ್ಕ